ಧಾಟಿ ನಿಮ್ಮದೇ ಇರಲಿ, ಮಾತು ತಿಳಿಯಲಿ: ಸ್ಪಷ್ಟ ಇಂಗ್ಲಿಷ್‌ಗೆ ಎಂಟು ಹಂತ

ಕನ್ನಡ ಮನೆಮಾತಾಗಿರುವ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ‘ಗ್ರಾಮರ್ ಸರಿಯಿದೆ, ಪದಗಳೂ ಗೊತ್ತು, ಆದರೂ ಎದುರಿನವರು ಎರಡೆರಡು ಸಲ ಕೇಳ್ತಾರೆ. ಆಕ್ಸೆಂಟ್ ಬದಲಾಯಿಸೋದು ಹೇಗೆ?’ ಬದಲಾಯಿಸುವ ಅಗತ್ಯವಿಲ್ಲ ಎಂಬುದೇ ಉತ್ತರದ ಮೊದಲ ಭಾಗ. ನೀವು ಮಾತಾಡುವ ಧಾಟಿ ಬೇರೆ, ನಿಮ್ಮ ಮಾತು ಕೇಳುಗರಿಗೆ ತಿಳಿಯುವುದು ಬೇರೆ. 1995ರಲ್ಲಿ ಕೆನಡಾದ ಸಂಶೋಧಕರಾದ ಮರ್ರೆ ಮನ್ರೊ ಮತ್ತು ಟ್ರೇಸಿ ಡರ್ವಿಂಗ್ ಇದನ್ನೇ ಪರೀಕ್ಷಿಸಿದರು. ಚೀನಾದ ಮ್ಯಾಂಡರಿನ್ ಮನೆಮಾತಿನವರ ಇಂಗ್ಲಿಷ್ ಮಾತನ್ನು ಕೇಳಿಸಿ, ಕೇಳಿದ್ದನ್ನು ಬರೆಯಿರಿ ಎಂದರು. ‘ಧಾಟಿ ತುಂಬಾ ಗಾಢವಾಗಿದೆ’ ಎಂದು ಕೇಳುಗರು ಅಂಕ ಹಾಕಿದ ಎಷ್ಟೋ ವಾಕ್ಯಗಳನ್ನು ಅದೇ ಕೇಳುಗರು ಒಂದು ಪದವೂ ತಪ್ಪದೆ ಬರೆದಿದ್ದರು.

ಅಂದರೆ ಕೆಲಸ ನೀವಂದುಕೊಂಡದ್ದಕ್ಕಿಂತ ಚಿಕ್ಕದು. ಕನ್ನಡದ ಬಾಯಿಗೆ ಅಭ್ಯಾಸವಾದ ಕೆಲವೇ ಸಂಗತಿಗಳು ಕೇಳುಗರ ದಾರಿ ತಪ್ಪಿಸುತ್ತವೆ. ಅವನ್ನು ತಿದ್ದಿಕೊಂಡು ಉಳಿದದ್ದನ್ನು ಹಾಗೇ ಬಿಡಿ.

ಬೇಕಾದ್ದು ಇಷ್ಟು: ರೆಕಾರ್ಡಿಂಗ್ ಮಾಡುವ ಫೋನ್, ಇಯರ್‌ಫೋನ್, ಉಚ್ಚಾರಣೆ ಕೇಳಿಸುವ ಯಾವುದಾದರೂ ಇಂಗ್ಲಿಷ್ ನಿಘಂಟು, ಒಂದು ರಬ್ಬರ್ ಬ್ಯಾಂಡ್, ಒಂದು ತುಂಡು ತೆಳು ಕಾಗದ, ದಿನಕ್ಕೆ 15 ನಿಮಿಷ. ಆರು ವಾರ ಬಿಡದೆ ಮಾಡಿ. ವಾರಕ್ಕೊಮ್ಮೆ ಎರಡು ಗಂಟೆ ಕೂರುವುದರಿಂದ ನಾಲಿಗೆ ಪಳಗುವುದಿಲ್ಲ.

1. ಮೊದಲು ಅಳತೆ ತೆಗೆದುಕೊಳ್ಳಿ

ನಿಮ್ಮ ಕೆಲಸದಲ್ಲಿ ನಿಜವಾಗಿ ಬಳಸುವ 20 ವಾಕ್ಯ ಬರೆದುಕೊಳ್ಳಿ. ಎಲ್ಲವೂ ಸುಲಭವಾಗಿ ಊಹಿಸಬಹುದಾದ ವಾಕ್ಯಗಳಾಗಿರಬಾರದು. ಹೆಸರು, ಸಂಖ್ಯೆ, ತಾಂತ್ರಿಕ ಪದ ಇರುವವೂ ಇರಲಿ. ಮಾಮೂಲಿ ವೇಗದಲ್ಲಿ ಓದಿ ರೆಕಾರ್ಡ್ ಮಾಡಿ. ಅದನ್ನು ಕನ್ನಡ ಬಾರದ ಒಬ್ಬರಿಗೆ ಕಳಿಸಿ, ಕೇಳಿದ್ದನ್ನು ಹಾಗೇ ಬರೆಯಲು ಹೇಳಿ. ಒಂದು ವಾಕ್ಯವನ್ನು ಒಂದೇ ಸಲ ಕೇಳಬೇಕು. ಅವರು ತಪ್ಪಾಗಿ ಬರೆದ ಪದಗಳೇ ನಿಮ್ಮ ಪಠ್ಯ.

ಇಲ್ಲಿ ಆಗುವ ತಪ್ಪು ಎಂದರೆ ಇನ್ನೊಬ್ಬ ಕನ್ನಡಿಗರಿಂದ ಪರೀಕ್ಷೆ ಮಾಡಿಸುವುದು. ಅವರ ಕಿವಿ ನಿಮ್ಮ ಧಾಟಿಗೆ ಹೊಂದಿಕೊಂಡಿರುತ್ತದೆ, ಎಲ್ಲವೂ ತಿಳಿಯುತ್ತದೆ. ಫೋನಿನ ಡಿಕ್ಟೇಶನ್ ಕೂಡ (ನೀವು ಮಾತಾಡಿದ್ದನ್ನು ಅದೇ ಟೈಪ್ ಮಾಡುವ ಸೌಲಭ್ಯ) ಪೂರ್ತಿ ವಾಕ್ಯ ಸಿಕ್ಕರೆ ಸಂದರ್ಭ ನೋಡಿ ಊಹಿಸಿಬಿಡುತ್ತದೆ. ಬಿಡಿ ಪದ ಪರೀಕ್ಷಿಸಲು ಮಾತ್ರ ಅದನ್ನು ನಂಬಿ.

2. ಯಾವುದನ್ನು ಮುಟ್ಟಬಾರದು, ಗೊತ್ತುಮಾಡಿಕೊಳ್ಳಿ

ಪದದ ಕೊನೆಯ ‘ರ್’ ಅನ್ನು ನಾವು ಬಿಡದೆ ಉಚ್ಚರಿಸುತ್ತೇವೆ. ಸ್ಕಾಟ್ಲೆಂಡ್, ಐರ್ಲೆಂಡ್, ಅಮೆರಿಕದ ಬಹುಪಾಲು ಜನರೂ ಹಾಗೇ ಮಾಡುತ್ತಾರೆ. ಅದನ್ನು ನುಂಗಲು ಕಲಿಯುವುದು ವ್ಯರ್ಥ ಶ್ರಮ. ನಮ್ಮ ‘ಟ’, ‘ಡ’ಗಳಲ್ಲಿ ನಾಲಿಗೆಯ ತುದಿ ಸ್ವಲ್ಪ ಹಿಂದಕ್ಕೆ ಮಡಚುತ್ತದೆ. ಅದು ನಾವು ಎಲ್ಲಿಯವರು ಎಂದು ಹೇಳುತ್ತದೆಯೇ ಹೊರತು ಅರ್ಥ ಕೆಡಿಸುವುದಿಲ್ಲ.

‘ಥ್ರೀ’, ‘ಥಿಂಕ್’ ಪದಗಳ ಮೊದಲ ಧ್ವನಿಗಾಗಿ ಎಷ್ಟೋ ಜನ ತಿಂಗಳುಗಟ್ಟಲೆ ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು ಒದ್ದಾಡುತ್ತಾರೆ. ನಮ್ಮ ‘ಥ’ಕಾರದಿಂದ ಕೆಲಸ ನಡೆಯುತ್ತದೆ. ಸಂದೇಹವಿದ್ದರೆ ವಿಮಾನಯಾನದ ರೇಡಿಯೋ ನಿಯಮ ನೋಡಿ: ಅಲ್ಲಿ ಮೂರು ಎಂಬ ಸಂಖ್ಯೆಯನ್ನು ‘ಟ್ರೀ’ ಎಂದೂ ಸಾವಿರವನ್ನು ‘ಟೌಸಂಡ್’ ಎಂದೂ ಹೇಳಬೇಕೆಂದೇ ಬರೆದಿದೆ. ಕೇಳಿಸುವುದೇ ಪ್ರಾಣದ ಪ್ರಶ್ನೆಯಾಗಿರುವ ಕಡೆ ಆ ಧ್ವನಿಯನ್ನೇ ಕೈಬಿಟ್ಟಿದ್ದಾರೆ.

ಕನ್ನಡ ನಿಮಗೆ ಕೊಟ್ಟಿರುವ ದೊಡ್ಡ ಅನುಕೂಲವನ್ನೂ ಮರೆಯಬೇಡಿ. ಹ್ರಸ್ವ, ದೀರ್ಘದ ವ್ಯತ್ಯಾಸ ನಮಗೆ ಚಿಕ್ಕಂದಿನಿಂದ ಬಂದಿದೆ. ‘ಶಿಪ್’ ಮತ್ತು ‘ಶೀಪ್’, ‘ಲೆಟ್’ ಮತ್ತು ‘ಲೇಟ್’ ಬೇರೆ ಮಾಡಲು ಬೇರೆ ಎಷ್ಟೋ ಭಾಷೆಯವರು ಪಾಡುಪಡುತ್ತಾರೆ.

ಈ ಹಂತದಲ್ಲೇ ಒಂದು ಎಚ್ಚರಿಕೆ: ಅರ್ಧ ಅಮೆರಿಕನ್ ಧಾಟಿ ಹಾಕಬೇಡಿ. ‘ವಾಟರ್’ ಅನ್ನು ‘ವಾಡರ್’ ಎಂದು, ಉಳಿದ ವಾಕ್ಯವನ್ನು ಎಂದಿನಂತೆ ಹೇಳಿದರೆ ಕೇಳುಗರ ಕಿವಿ ಎರಡು ಪದ್ಧತಿಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಒಂದೇ ರೀತಿಯಲ್ಲಿ ಸಾಗುವ ಧಾಟಿಗೆ, ಅದು ಎಷ್ಟೇ ಅಪರಿಚಿತವಾಗಿರಲಿ, ಕಿವಿ ಕೆಲವೇ ನಿಮಿಷಗಳಲ್ಲಿ ಒಗ್ಗುತ್ತದೆ. ‘ನ್ಯೂಟ್ರಲ್ ಆಕ್ಸೆಂಟ್’ ಎಂಬುದೊಂದು ಎಲ್ಲಿಯೂ ಇಲ್ಲ. ಧಾಟಿಯಿಲ್ಲದೆ ಮಾತಾಡುವ ಮನುಷ್ಯರಿಲ್ಲ. ನಿಮ್ಮ ಮಾತಿನಲ್ಲಿ ಕನ್ನಡ ಕೇಳಿಸಿದರೆ ಅದನ್ನು ದೋಷವೆಂದು ಎಣಿಸಬೇಡಿ.

3. ಪದದ ಒತ್ತು: ಮೊದಲ ಎರಡು ವಾರ ಇದಕ್ಕೇ ಮೀಸಲು

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಇದು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಗುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಂಗ್ಲಿಷ್ ಹಾಗಲ್ಲ. ಅಲ್ಲಿ ಒಂದಕ್ಕಿಂತ ಹೆಚ್ಚು ಉಚ್ಚಾರಾಂಶವಿರುವ ಪದದಲ್ಲಿ (ಉಚ್ಚಾರಾಂಶ ಎಂದರೆ ಒಂದು ಸ್ವರದ ಸುತ್ತ ಕೂಡಿಕೊಂಡ ಧ್ವನಿಗಳ ಗುಂಪು, ಸಿಲಬಲ್) ಒಂದೇ ಒಂದು ಉಚ್ಚಾರಾಂಶ ದೊರೆ, ಉಳಿದವು ತಲೆತಗ್ಗಿಸಬೇಕು. ಆ ದೊರೆಗೆ ಬೀಳುವುದೇ ಒತ್ತು, ಅಂದರೆ ಸ್ಟ್ರೆಸ್. ಒತ್ತು ಬಿದ್ದ ಕಡೆ ಸ್ವರ ಉದ್ದವಾಗುತ್ತದೆ, ದನಿ ತುಸು ಏರುತ್ತದೆ, ಗಟ್ಟಿಯಾಗುತ್ತದೆ. ಬೀಳದ ಕಡೆ ಸ್ವರವೇ ಸವೆದು ‘ಅ’ದ ಹತ್ತಿರದ ಒಂದು ಮಸುಕು ಧ್ವನಿಯಾಗುತ್ತದೆ. ಇದಕ್ಕೆ ಶ್ವಾ ಎನ್ನುತ್ತಾರೆ; ಇಂಗ್ಲಿಷ್ ಮಾತಿನಲ್ಲಿ ಅತಿ ಹೆಚ್ಚು ಸಲ ಬರುವ ಸ್ವರ ಇದೇ. ನಿಘಂಟಿನಲ್ಲಿ ತಲೆಕೆಳಗಾದ ಇಂಗ್ಲಿಷ್ e ಅಕ್ಷರದಂತೆ (ə) ಕಾಣಿಸುತ್ತದೆ.

‘ಫೋಟೊಗ್ರಾಫ್’ ಪದದಲ್ಲಿ ಒತ್ತು ಮೊದಲನೆಯದರ ಮೇಲೆ: ಫೋ. ‘ಫೋಟೋಗ್ರಾಫರ್’ ಎಂದಾಗ ಅದು ಎರಡನೆಯದಕ್ಕೆ ಜಿಗಿಯುತ್ತದೆ: ಫ-ಟಾ-ಗ್ರ-ಫರ್. ‘ಫೋಟೋಗ್ರಾಫಿಕ್’ ಎಂದಾಗ ‘ಗ್ರಾ’ ಮೇಲೆ. ನಾವು ಮೂರನ್ನೂ ಸಮತಟ್ಟಾಗಿ ಹೇಳುತ್ತೇವೆ. ಕೇಳುಗರು ಪದವನ್ನು ಹುಡುಕುವುದು ಒತ್ತಿನ ಆಧಾರದ ಮೇಲೆ. ಒತ್ತು ಜಾಗ ತಪ್ಪಿದರೆ ಅವರ ಮನಸ್ಸು ಬೇರೆ ಪದಗಳ ಸಾಲಿಗೆ ಹೋಗಿಬಿಡುತ್ತದೆ.

ಮಾಡುವ ರೀತಿ:

ಮೊದಲ ಹಂತದ ಪಟ್ಟಿಯಿಂದ ದಿನಕ್ಕೆ ಐದು ಪದ ಆರಿಸಿ. ನಿಘಂಟಿನಲ್ಲಿ ನೋಡಿದರೆ ಒತ್ತು ಬೀಳುವ ಉಚ್ಚಾರಾಂಶದ ಮುಂಚೆ, ಮೇಲ್ಭಾಗದಲ್ಲಿ, ಒಂದು ಪುಟ್ಟ ನಿಂತ ಗೆರೆ ಇರುತ್ತದೆ. ಅದನ್ನು ಗುರುತುಮಾಡಿಕೊಳ್ಳಿ. ರಬ್ಬರ್ ಬ್ಯಾಂಡನ್ನು ಎರಡು ಹೆಬ್ಬೆರಳಿಗೆ ಸಿಕ್ಕಿಸಿ. ಒತ್ತಿನ ಜಾಗದಲ್ಲಿ ಎಳೆಯಿರಿ, ಉಳಿದ ಕಡೆ ಸಡಿಲ ಬಿಡಿ. ಕೈ ಎಳೆಯುವಷ್ಟು ಹೊತ್ತು ಸ್ವರವೂ ಎಳೆಯಬೇಕು. ಒಂದೊಂದು ಪದ ಹತ್ತು ಸಲ, ಆಮೇಲೆ ಅದೇ ಪದ ಒಂದು ವಾಕ್ಯದಲ್ಲಿ ಮೂರು ಸಲ.

ಕೆಲವು ಸೂತ್ರ ಕೆಲಸಕ್ಕೆ ಬರುತ್ತವೆ. ‘-ಶನ್’, ‘-ಇಕ್’, ‘-ಇಟಿ’ ಎಂದು ಮುಗಿಯುವ ಪದಗಳಲ್ಲಿ ಒತ್ತು ಆ ತುದಿಗೆ ಸರಿಯಾಗಿ ಹಿಂದಿನದರ ಮೇಲೆ: ಎಜುಕೇಶನ್‌ನಲ್ಲಿ ‘ಕೇ’, ಎಕನಾಮಿಕ್‌ನಲ್ಲಿ ‘ನಾ’, ಎಬಿಲಿಟಿಯಲ್ಲಿ ‘ಬಿ’. ‘-ಇಯರ್’ ಎಂದು ಮುಗಿಯುವ ಎಂಜಿನಿಯರ್, ವಾಲಂಟಿಯರ್‌ಗಳಲ್ಲಿ ಒತ್ತು ಕೊನೆಯಲ್ಲೇ. ‘ರೆಕಾರ್ಡ್’, ‘ಆಬ್ಜೆಕ್ಟ್’, ‘ಪ್ರೆಸೆಂಟ್’ ಇಂಥವು ನಾಮಪದವಾದರೆ ಮೊದಲಲ್ಲಿ ಒತ್ತು, ಕ್ರಿಯಾಪದವಾದರೆ ಎರಡನೆಯದರಲ್ಲಿ. ನಮ್ಮವರು ಸಾಮಾನ್ಯವಾಗಿ ತಪ್ಪುವ ಪದಗಳನ್ನು ಬಾಯಿಪಾಠ ಮಾಡಿಬಿಡಿ: ಹೋಟೆಲ್ (ಟೆಲ್), ಇವೆಂಟ್ (ವೆಂಟ್), ಡೆವಲಪ್‌ಮೆಂಟ್ (ವೆ), ಕಮಿಟಿ (ಮಿ), ಡಿಟರ್ಮಿನ್ (ಟರ್), ಪರ್ಸೆಂಟ್ (ಸೆಂಟ್).

ಒತ್ತು ಕೊಡುವುದು ಎಂದರೆ ಕೂಗುವುದು ಎಂದುಕೊಳ್ಳಬೇಡಿ. ಉದ್ದ ಮಾಡಿ, ಅಷ್ಟೇ ಸಾಕು. ಉಳಿದ ಉಚ್ಚಾರಾಂಶಗಳನ್ನು ಚಿಕ್ಕದು ಮಾಡುವುದೇ ಕಷ್ಟದ ಭಾಗ. ನಮ್ಮ ಲಿಪಿ ಬರೆದಂತೆ ಓದಿಸುತ್ತದೆ, ಹಾಗಾಗಿ ಇಂಗ್ಲಿಷ್‌ನಲ್ಲೂ ಬರೆದದ್ದಕ್ಕೆಲ್ಲ ನ್ಯಾಯ ಒದಗಿಸಲು ಹೊರಡುತ್ತೇವೆ. ‘ಹ್ಯಾಪಿ’, ‘ಸಮರ್’, ‘ಆಫರ್’ ಪದಗಳಲ್ಲಿ ಅಕ್ಷರ ಎರಡೆರಡು ಇದ್ದರೂ ಧ್ವನಿ ಒಂದೇ. ಅಲ್ಲಿ ನಮ್ಮ ಒತ್ತಕ್ಷರದಂತೆ ‘ಹ್ಯಾಪ್ಪಿ’ ಎನ್ನಬಾರದು.

4. ಐದು ಧ್ವನಿ, ಕನ್ನಡಿಯ ಮುಂದೆ

ಮೂರನೆಯ ವಾರದಿಂದ ಇದು ಶುರುವಾಗಲಿ. ಐದೂ ಒಟ್ಟಿಗೆ ಬೇಡ, ಒಂದೊಂದಕ್ಕೆ ಮೂರು ದಿನ.

ಎರಡು ‘ವ’. ಪಶುವೈದ್ಯರನ್ನು ಸೂಚಿಸುವ ‘ವೆಟ್’, ಒದ್ದೆ ಎನ್ನುವ ‘ವೆಟ್’ ಕನ್ನಡದಲ್ಲಿ ಬರೆದರೆ ಒಂದೇ. ನಮ್ಮ ‘ವ’ ಇವೆರಡರ ನಡುವೆ ನಿಲ್ಲುತ್ತದೆ, ಆದ್ದರಿಂದ ಎರಡಕ್ಕೂ ಪೂರ್ತಿ ಹೊಂದುವುದಿಲ್ಲ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಿ, ಎರಡು ಸೆಕೆಂಡ್ ದುಂಬಿಯಂತೆ ಗುಂಯ್‌ಗುಡಬೇಕು. ಎರಡನೆಯದಕ್ಕೆ ಹಲ್ಲು ಕಾಣಿಸಲೇಬಾರದು. ತುಟಿ ದುಂಡಗೆ ಮಾಡಿ ‘ಉ’ ಎಂದು ಶುರುಮಾಡಿ ‘ಎಟ್’ಗೆ ಜಾರಿ: ಉಎಟ್. ಕನ್ನಡಿಯಲ್ಲಿ ಹಲ್ಲು ನೋಡಿಕೊಂಡರೆ ತಪ್ಪು ತಕ್ಷಣ ಸಿಗುತ್ತದೆ.

ಉಸಿರಿನ ‘ಪ, ಟ, ಕ’. ಇಂಗ್ಲಿಷ್‌ನಲ್ಲಿ ಪದದ ಮೊದಲಿಗೆ ಬರುವ ಈ ಮೂರಕ್ಕೆ ಉಸಿರಿನ ತಳ್ಳು ಇರುತ್ತದೆ. ನಮ್ಮ ಅಲ್ಪಪ್ರಾಣದಲ್ಲಿ ಹೇಳಿದರೆ ‘ಪ್ಯಾಕ್’ ಅವರಿಗೆ ‘ಬ್ಯಾಕ್’ ಎಂದು, ‘ಕೋಟ್’ ‘ಗೋಟ್’ ಎಂದು ಕೇಳಿಸಬಹುದು. ಕಾಗದದ ತುಂಡನ್ನು ತುಟಿಯಿಂದ ಮೂರು ಬೆರಳು ದೂರ ಹಿಡಿದು ‘ಪೆನ್’ ಎನ್ನಿ, ಕಾಗದ ಅಲುಗಬೇಕು. ಮಹಾಪ್ರಾಣಕ್ಕೆ ಹತ್ತಿರದ ಉಸಿರು ಕೊಟ್ಟರೆ ಸರಿಹೋಗುತ್ತದೆ. ‘ಸ್’ ಆದಮೇಲೆ ಬಂದರೆ (ಸ್ಪಿನ್, ಸ್ಟಾಪ್) ಉಸಿರು ಬೇಡ, ಅಲ್ಲಿ ನಮ್ಮದೇ ಸರಿ.

‘ಫ’ ಮತ್ತು ‘ಪ’. ಕಾಫಿ ಹಾಗೂ ಕಾಪಿ ಬೇರೆಯಾಗಬೇಕು. ಇಂಗ್ಲಿಷ್ ‘ಫ’ದಲ್ಲಿ ತುಟಿಗಳು ಒಂದಕ್ಕೊಂದು ಅಂಟುವುದಿಲ್ಲ, ಹಲ್ಲು ಮತ್ತು ಕೆಳತುಟಿಯ ನಡುವೆ ಗಾಳಿ ಸುಯ್ಯೆಂದು ಹೋಗುತ್ತಲೇ ಇರುತ್ತದೆ.

‘ಜ಼’. ‘ಜ’ ಕೆಳಗೆ ಎರಡು ಚುಕ್ಕಿ ಇಟ್ಟು ಬರೆಯುವ ಧ್ವನಿ. ಗಂಟಲ ಮೇಲೆ ಬೆರಳಿಟ್ಟು ‘ಸ್ಸ್ಸ್’ ಎನ್ನಿ, ನಾಲಿಗೆ ಅಲುಗಿಸದೆ ದನಿ ಸೇರಿಸಿ. ಗಂಟಲು ನಡುಗಿದರೆ ಬಂತು. ‘ಜೀರೋ’ ಎಂದರೂ ಸೊನ್ನೆ ಎಂದು ಗೊತ್ತಾಗುತ್ತದೆ, ಆದರೆ ‘ಪ್ರೈಸ್’ (ಬೆಲೆ) ಮತ್ತು ‘ಪ್ರೈಜ಼್’ (ಬಹುಮಾನ), ‘ಲೂಸ್’ (ಸಡಿಲ) ಮತ್ತು ‘ಲೂಜ಼್’ (ಕಳೆದುಕೊಳ್ಳು) ಕಲಸಿಹೋಗುತ್ತವೆ.

‘ಹ’. ಕೆಲವು ಕಡೆಯ ಆಡುಗನ್ನಡದಲ್ಲಿ ‘ಹ’ ಬಿಟ್ಟುಹೋಗುತ್ತದೆ. ಲಂಡನ್ನಿನ ಕಾಕ್ನಿ ಧಾಟಿಯವರೂ ಇದೇ ‘ಹ’ ಬಿಡುತ್ತಾರೆ, ನಾಚಿಕೆಪಡುವಂಥದ್ದು ಇದರಲ್ಲೇನೂ ಇಲ್ಲ. ಆದರೆ ‘ಹೀಟ್’ ಮತ್ತು ‘ಈಟ್’ ಬೇರೆಯಾಗಬೇಕು, ಆದ್ದರಿಂದ ಕಾಗದದ ಪರೀಕ್ಷೆ ಇಲ್ಲಿಯೂ ಮಾಡಿ.

5. ಪದದ ಎರಡು ತುದಿಗಳು

ಕನ್ನಡದಲ್ಲಿ ಪದ ಸ್ವರದಿಂದ ಮುಗಿಯುತ್ತದೆ. ಬಸ್ ನಮಗೆ ಬಸ್ಸು, ಕಾರ್ ಕಾರು. ಕನ್ನಡ ಮಾತಾಡುವಾಗ ಅದೇ ಸರಿ, ಚಂದ. ಇಂಗ್ಲಿಷ್ ವಾಕ್ಯದಲ್ಲಿ ಮಾತ್ರ ಆ ‘ಉ’ ಒಂದು ಹೆಚ್ಚುವರಿ ಉಚ್ಚಾರಾಂಶವಾಗಿ ಲಯ ಕೆಡಿಸುತ್ತದೆ. ಬಿಡಿಸಿಕೊಳ್ಳಲು ಸುಲಭ ಉಪಾಯವೆಂದರೆ ಮುಂದಿನ ಪದಕ್ಕೆ ಅಂಟಿಸುವುದು: ‘ಸೆಂಟ್ ಇಟ್’ ಅನ್ನು ‘ಸೆನ್-ಟಿಟ್’ ಎನ್ನಿ, ‘ಉ’ಗೆ ಜಾಗವೇ ಸಿಗುವುದಿಲ್ಲ.

ಪದದ ಆರಂಭದಲ್ಲಿ ‘ಎ’ ಬಂದರೆ ‘ಯೆ’, ‘ಒ’ ಬಂದರೆ ‘ವೊ’ ಮಾಡುವುದು ನಮ್ಮ ಇನ್ನೊಂದು ಅಭ್ಯಾಸ. ಇದು ಎಲ್ಲಿ ಕಚ್ಚುತ್ತದೆ ನೋಡಿ. ಫೋನಿನಲ್ಲಿ ಹೆಸರಿನ ಸ್ಪೆಲಿಂಗ್ ಹೇಳುತ್ತಾ ‘ಎಸ್’ ಅಕ್ಷರವನ್ನು ‘ಯೆಸ್’ ಎನ್ನುತ್ತೀರಿ. ಆ ಕಡೆಯವರು ನೀವು ‘ಹೌದು’ ಎಂದಿರಿ ಎಂದುಕೊಂಡು ಮುಂದಿನ ಅಕ್ಷರಕ್ಕೆ ಕಾಯುತ್ತಾರೆ. ಒಂದು ಅಕ್ಷರ ಕಾಣೆ. ಕಿವಿ ಎಂಬ ‘ಇಯರ್’, ವರ್ಷ ಎಂಬ ‘ಯಿಯರ್’ ಕೂಡ ಹೀಗೇ. ‘ಎ’ ಹೇಳುವ ಮುಂಚೆ ಬಾಯಿ ತೆರೆದಿಟ್ಟುಕೊಳ್ಳಿ, ದವಡೆಯ ಮೇಲೆ ಬೆರಳಿಡಿ, ಆಮೇಲೆ ದನಿ ಬಿಡಿ. ದವಡೆ ಮೇಲಿಂದ ಕೆಳಗೆ ಇಳಿದರೆ ‘ಯ’ ನುಸುಳಿದೆ ಎಂದರ್ಥ.

ಭೂತಕಾಲದ ‘-ಎಡ್’ ತುದಿಗೆ ಮೂರು ರೂಪ. ಕ್ರಿಯಾಪದ ‘ಟ್’ ಅಥವಾ ‘ಡ್’ನಲ್ಲಿ ಮುಗಿದಿದ್ದರೆ ಮಾತ್ರ ಹೊಸ ಉಚ್ಚಾರಾಂಶ: ವಾಂಟೆಡ್, ನೀಡೆಡ್. ಕ್, ಪ್, ಸ್, ಶ್, ಚ್, ಫ್‌ನಲ್ಲಿ ಮುಗಿದರೆ ಬರೀ ‘ಟ್’: ವರ್ಕ್‌ಟ್, ಫಿಕ್ಸ್‌ಟ್. ಮಿಕ್ಕೆಲ್ಲ ಕಡೆ ಬರೀ ‘ಡ್’: ಪ್ಲೇಡ್, ಕಾಲ್ಡ್. ‘ವರ್ಕೆಡ್’ ಎಂಬುದು ಇಲ್ಲ.

‘ಸೀಟ್’ ಮತ್ತು ‘ಸೀಡ್’ ನಡುವೆ ಕೇಳುಗರು ಗಮನಿಸುವುದು ಕೊನೆಯ ವ್ಯಂಜನವನ್ನಷ್ಟೇ ಅಲ್ಲ, ಸ್ವರದ ಉದ್ದವನ್ನೂ. ‘ಡ್, ಬ್, ಗ್, ಜ಼್’ ಮುಂಚೆ ಸ್ವರವನ್ನು ಇನ್ನಷ್ಟು ಎಳೆಯಿರಿ.

6. ‘ಏ’ಕಾರವನ್ನು ದನಿಗೆ ಇಳಿಸಿ

‘ನಾನೇ ಕಳಿಸಿದೆ’, ‘ರವಿಗೇ ಕಳಿಸಿದೆ’, ‘ನಿನ್ನೆಯೇ ಕಳಿಸಿದೆ’. ಯಾವುದು ಮುಖ್ಯ ಎಂದು ತಿಳಿಸಲು ಕನ್ನಡದಲ್ಲಿ ಒಂದು ‘ಏ’ ಸಾಕು. ಇಂಗ್ಲಿಷ್‌ಗೆ ಆ ಪ್ರತ್ಯಯವಿಲ್ಲ. ಅದು ಇದೇ ಕೆಲಸವನ್ನು ದನಿಯಿಂದ ಮಾಡುತ್ತದೆ. ನಾವು ‘ಏ’ಯನ್ನು ‘ಓನ್ಲಿ’ ಎಂದು ತರ್ಜುಮೆ ಮಾಡಿ ‘ಯೆಸ್ಟರ್ಡೇ ಓನ್ಲಿ ಐ ಸೆಂಟ್’ ಎನ್ನುತ್ತೇವೆ. ಹೊರಗಿನವರಿಗೆ ಅದು ‘ನಿನ್ನೆಯಷ್ಟೇ ಕಳಿಸಿದೆ, ಅದಕ್ಕೂ ಮುಂಚೆ ಕಳಿಸಲಿಲ್ಲ’ ಎಂಬ ತಪ್ಪೊಪ್ಪಿಗೆಯಂತೆ ಕೇಳಿಸಬಹುದು.

ಅಭ್ಯಾಸ ಹೀಗೆ: ‘ಐ ಸೆಂಟ್ ದ ಫೈಲ್ ಟು ರವಿ ಯೆಸ್ಟರ್ಡೇ’ ಎಂಬ ಒಂದೇ ವಾಕ್ಯ ತೆಗೆದುಕೊಳ್ಳಿ. ಕನ್ನಡದಲ್ಲಿ ‘ಏ’ ಎಲ್ಲಿ ಹಾಕುತ್ತಿದ್ದಿರಿ ಎಂದು ಯೋಚಿಸಿ, ಆ ಪದವನ್ನು ಉದ್ದ ಮಾಡಿ, ದನಿ ಏರಿಸಿ, ಅದರ ನಂತರದ ಪದಗಳನ್ನು ತಗ್ಗಿದ ದನಿಯಲ್ಲಿ ಮುಗಿಸಿ. ಐದು ರೀತಿಯಲ್ಲಿ ಹೇಳಿ ರೆಕಾರ್ಡ್ ಮಾಡಿ. ಮಾರನೆಯ ದಿನ ಕೇಳಿದಾಗ ಯಾವುದು ಯಾವುದೆಂದು ನಿಮಗೇ ಗೊತ್ತಾಗಬೇಕು. ವಿಶೇಷ ಒತ್ತು ಯಾವುದೂ ಬೇಡದ ಮಾಮೂಲಿ ವಾಕ್ಯದಲ್ಲಿ ದನಿ ಏರುವುದು ಸಾಮಾನ್ಯವಾಗಿ ಅರ್ಥವುಳ್ಳ ಕೊನೆಯ ಪದದ ಮೇಲೆ.

ಇಲ್ಲೊಂದು ಅಪಾಯದ ಜಾಗವಿದೆ. ‘ಐ ಕ್ಯಾನ್ ಕಮ್’ ವಾಕ್ಯದಲ್ಲಿ ‘ಕ್ಯಾನ್’ ಸವೆದು ಬರೀ ‘ಕನ್’ ಆಗಬೇಕು, ತೂಕ ‘ಕಮ್’ ಮೇಲೆ. ನೀವು ‘ಕ್ಯಾನ್’ ಅನ್ನು ತುಂಬಿ ಹೇಳಿದರೆ, ‘ಕಾಂಟ್’ ಪದದ ‘ಟ್’ ನುಂಗುವ ಅಮೆರಿಕನ್ನರ ಕಿವಿಗೆ ‘ಬರಲಾಗದು’ ಎಂದೇ ಕೇಳಿಸಬಹುದು. ಆಗದು ಎನ್ನಬೇಕಾದಾಗ ‘ಕ್ಯಾನಾಟ್’ ಎಂದು ಪೂರ್ತಿ ಹೇಳಿ.

7. ವೇಗ, ಹೆಸರು, ಸಂಖ್ಯೆ

ಉಚ್ಚಾರಣೆಯ ಅಳುಕನ್ನು ವೇಗದಿಂದ ಮುಚ್ಚಲು ನೋಡಬೇಡಿ. ನಿಮಿಷಕ್ಕೆ 120ರಿಂದ 140 ಪದ ಸಾಕು. ಪದಪದಕ್ಕೂ ನಿಲ್ಲಿಸಿದರೆ ಇನ್ನೂ ಕಷ್ಟ. ಮೂರರಿಂದ ಆರು ಪದಗಳ ಗುಂಪು ಮಾಡಿ, ಗುಂಪುಗಳ ನಡುವೆ ಅರ್ಧ ಸೆಕೆಂಡ್ ಬಿಡಿ. ಹೊಸಬರ ಜೊತೆ ಮಾತು ಶುರುಮಾಡುವಾಗ ಮೊದಲ ಎರಡು ವಾಕ್ಯದಲ್ಲಿ ಮುಖ್ಯ ವಿಷಯ ಇಡಬೇಡಿ. ಅವರ ಕಿವಿ ಒಗ್ಗಲು ಅಷ್ಟು ಅವಕಾಶ ಬೇಕು.

‘ಥರ್ಟೀನ್’ ಒತ್ತು ‘ಟೀನ್’ ಮೇಲೆ, ‘ಥರ್ಟಿ’ ಒತ್ತು ‘ಥರ್’ ಮೇಲೆ. ಹಣ, ಅಳತೆ, ಔಷಧಿ ಪ್ರಮಾಣದಂಥ ಕಡೆ ‘ಥರ್ಟೀನ್, ಒನ್ ಥ್ರೀ’ ಎಂದು ಅಂಕಿಗಳನ್ನೂ ಹೇಳಿ. ‘ಡಬಲ್’, ‘ಟ್ರಿಪಲ್’ ಎಲ್ಲರಿಗೂ ರೂಢಿಯಿಲ್ಲ, ಒಂದೊಂದೇ ಅಂಕಿ ಹೇಳಿ. ಲಕ್ಷವನ್ನು ‘ಹಂಡ್ರೆಡ್ ಥೌಸಂಡ್’, ಕೋಟಿಯನ್ನು ‘ಟೆನ್ ಮಿಲಿಯನ್’ ಎನ್ನಿ.

ಸ್ಪೆಲಿಂಗ್ ಹೇಳಲು 1956ರಿಂದ ಅಂತರರಾಷ್ಟ್ರೀಯ ವಿಮಾನಯಾನದಲ್ಲಿ ಬಳಕೆಯಲ್ಲಿರುವ ಅಕ್ಷರಪಟ್ಟಿ ಕಲಿಯಿರಿ. 26ನ್ನೂ ಒಮ್ಮೆಗೇ ಕಲಿಯಬೇಕಿಲ್ಲ; ಕಲಸಿಹೋಗುವವು ಮೊದಲು: ಬಿಗೆ ಬ್ರಾವೊ, ಡಿಗೆ ಡೆಲ್ಟಾ, ಪಿಗೆ ಪಾಪಾ, ಟಿಗೆ ಟ್ಯಾಂಗೊ, ವಿಗೆ ವಿಕ್ಟರ್, ಎಮ್‌ಗೆ ಮೈಕ್, ಎನ್‌ಗೆ ನವೆಂಬರ್, ಎಫ್‌ಗೆ ಫಾಕ್ಸ್‌ಟ್ರಾಟ್, ಎಸ್‌ಗೆ ಸಿಯೆರಾ.

ನಿಮ್ಮ ಹೆಸರನ್ನು ಮಾತ್ರ ಇಂಗ್ಲಿಷ್ ಬಾಯಿಗೆ ತಕ್ಕಂತೆ ತಿರುಚಬೇಡಿ. ಮನೆಯಲ್ಲಿ ಕರೆಯುವಂತೆಯೇ, ಮುಂಚೆ ಒಂದು ಚಿಕ್ಕ ನಿಲುಗಡೆ ಕೊಟ್ಟು, ಅಕ್ಷರ ಬಿಡಿಸಿ ಒಮ್ಮೆ, ಕೂಡಿಸಿ ಒಮ್ಮೆ ಹೇಳಿ. ಎದುರಿನವರು ತಪ್ಪು ಹೇಳಿದರೆ ತಿದ್ದಿ. ಅವರು ನಿಮ್ಮ ಹೆಸರಿಗಾಗಿ ಒಂದು ನಿಮಿಷ ನಾಲಿಗೆ ಹೊರಳಿಸುವುದು ನ್ಯಾಯವಾದ ಕೊಡುಕೊಳ್ಳುವಿಕೆ. ನೀವು ಅವರ ಭಾಷೆಗಾಗಿ ಆರು ವಾರ ಹೊರಳಿಸುತ್ತಿದ್ದೀರಿ.

8. ತಿಳಿಯಲಿಲ್ಲ ಎಂದಾಗ

ಅದೇ ವಾಕ್ಯವನ್ನು ಅದೇ ರೀತಿ, ಇನ್ನೂ ಜೋರಾಗಿ ಹೇಳಬೇಡಿ. ಯಾವ ಪದ ಸಿಕ್ಕಿಕೊಂಡಿತು ಎಂದು ಕೇಳಿ. ಆ ಪದದ ಒತ್ತು ಸರಿಪಡಿಸಿ ಒಂದು ಸಲ ಹೇಳಿ. ಆಗಲೂ ಆಗದಿದ್ದರೆ ಪದವನ್ನೇ ಬದಲಾಯಿಸಿ: ‘ವೆಂಡರ್’ ಹೋಗದಿದ್ದರೆ ‘ದ ಕಂಪನಿ ದಟ್ ಸಪ್ಲೈಸ್ ಅಸ್’ ಎನ್ನಿ. ಮೂರನೆಯ ಸಲ ಬರೆದು ತೋರಿಸಿ ಅಥವಾ ಮೆಸೇಜ್ ಮಾಡಿ. ‘ಸಾರಿ ಫಾರ್ ಮೈ ಆಕ್ಸೆಂಟ್’ ಎನ್ನುವ ಅಗತ್ಯ ಯಾವತ್ತೂ ಇಲ್ಲ. ‘ಲೆಟ್ ಮಿ ಸೇ ದಟ್ ಅನದರ್ ವೇ’ ಎಂದರೆ ಸಾಕು.

ಸಿಕ್ಕಿಕೊಂಡ ಪದವನ್ನು ಅಂದೇ ಪಟ್ಟಿಗೆ ಸೇರಿಸಿ. ಆರನೆಯ ವಾರದ ಕೊನೆಗೆ ಮೊದಲಿನಷ್ಟೇ ಕಠಿಣವಾದ ಹೊಸ 20 ವಾಕ್ಯ ಓದಿ ಮತ್ತೆ ರೆಕಾರ್ಡ್ ಮಾಡಿ, ಮೊದಲ ಸಲ ಕೇಳಿರದ ಬೇರೊಬ್ಬರಿಗೆ ಕಳಿಸಿ. ಹಳೆಯ ಕೇಳುಗರ ಕಿವಿ ಅಷ್ಟರಲ್ಲಿ ನಿಮಗೆ ಒಗ್ಗಿರುತ್ತದೆ, ಅವರ ಫಲಿತಾಂಶ ನಿಜ ಹೇಳುವುದಿಲ್ಲ. ಎರಡೂ ಹಾಳೆ ಅಕ್ಕಪಕ್ಕ ಇಟ್ಟು ತಪ್ಪು ಬರೆದ ಪದಗಳನ್ನು ಎಣಿಸಿ. ಇನ್ನೂ ಉಳಿದಿರುವವು ಹೆಚ್ಚಾಗಿ ಒತ್ತಿನವಾಗಿದ್ದರೆ ಮೂರನೆಯ ಹಂತಕ್ಕೆ, ಧ್ವನಿಯವಾಗಿದ್ದರೆ ನಾಲ್ಕಕ್ಕೆ, ಪದದ ತುದಿಯವಾಗಿದ್ದರೆ ಐದಕ್ಕೆ ಇನ್ನೆರಡು ವಾರ ಕೊಡಿ.